ಒಂದೇ ಅರೇ, ಒಂದೇ ಓಎಸ್: ಎರಡನೇ ನೋಡಿಗೆ 300 ಲನ್ ಕಾಣುತ್ತೆ, ಒಂದನೇ ನೋಡಿಗೆ 256 ಮಾತ್ರ

ರಾತ್ರಿಪಾಳಿ_ಶಿರಸಿ:

ನಮಸ್ಕಾರ ಎಲ್ಲರಿಗೂ. ನಾಲ್ಕು ದಿನದಿಂದ ಒಂದು ಲೆಕ್ಕ ಬಗೆಹರಿಯುತ್ತಿಲ್ಲ. ಸ್ಟೋರೇಜ್ ಕಡೆ ಕೈಯಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ.

ನಮ್ಮಲ್ಲಿ ಎರಡು ನೋಡಿನ (ಅಂದರೆ ಎರಡು ಸರ್ವರಿನ) ಒರಾಕಲ್ ರಾಕ್ ಕ್ಲಸ್ಟರ್ ಇದೆ, ಎರಡೂ ಸೇರಿ ಒಂದೇ ಡೇಟಾಬೇಸ್ ನಡೆಸುತ್ತವೆ. ಎರಡೂ ಸರ್ವರಿನಲ್ಲಿ ರೆಡ್ ಹ್ಯಾಟ್ 8 ಲಿನಕ್ಸ್, ಕರ್ನಲ್ 4.18. ಪ್ಯಾಚ್ ಹಾಕಿದ್ದೂ ಒಂದೇ ವಾರ. ಹಿಂದೆ ಇರುವುದು ಒಂದೇ ಫೈಬರ್ ಚಾನೆಲ್ ಅರೇ, ಅಂದರೆ ಡಿಸ್ಕುಗಳ ದೊಡ್ಡ ಪೆಟ್ಟಿಗೆ. ಅದು ಸರ್ವರಿಗೆ ಕೊಡುವ ಒಂದೊಂದು ಡಿಸ್ಕೂ ಒಂದು ಲನ್. ಪ್ರತಿ ಸರ್ವರಿನಲ್ಲಿ ಸರ್ವರನ್ನು ಅರೇಗೆ ಜೋಡಿಸುವ, ಎರಡು ಪೋರ್ಟಿನ ಒಂದು ಎಚ್‌ಬಿಎ ಕಾರ್ಡು, ಪ್ರತಿ ಪೋರ್ಟೂ ಅರೇಯ ಎರಡು ಪೋರ್ಟಿಗೆ ಝೋನ್ ಆಗಿದೆ, ಅಂದರೆ ನಡುವಿನ ಸ್ವಿಚ್ಚಿನಲ್ಲಿ ದಾರಿ ಬಿಟ್ಟಿದೆ. ಹಾಗಾಗಿ ಒಂದು ಲನ್‌ಗೆ ನಾಲ್ಕು ಪಾತ್ (ದಾರಿ), ಪ್ರತಿ ಪಾತೂ ಲಿನಕ್ಸಿಗೆ ಒಂದು ಬೇರೆ ಎಸ್‌ಡಿ ಡಿಸ್ಕಿನಂತೆ ಕಾಣುತ್ತೆ. ಬೂಟ್ ಆಗುವುದು ಸರ್ವರಿನ ಸ್ವಂತ ಡಿಸ್ಕಿನಿಂದ, ಅದು ಎಸ್‌ಡಿಎ.

ಮೊದಲು 240 ಲನ್ ಇದ್ದವು. ಶನಿವಾರ ರಾತ್ರಿ 60 ಸೇರಿಸಿದೆವು. ಲನ್ ಐಡಿ 0ರಿಂದ 299, ಎರಡೂ ನೋಡಿಗೆ ಒಂದೇ ನಂಬರು. ಹೊಸ ಡಿಸ್ಕು ಹುಡುಕಲು ರೀಸ್ಕ್ಯಾನ್ ಕೊಟ್ಟೆ. ಎರಡೂ ಕಡೆ ನನ್ನ ಸ್ಕ್ರಿಪ್ಟ್ ಓಡಿಸಿದೆ. ಅದು ಸಿಸ್ ಬ್ಲಾಕ್ ಡೈರೆಕ್ಟರಿಯಲ್ಲಿ ಇರುವ ಎಸ್‌ಡಿ ಹೆಸರುಗಳನ್ನೆಲ್ಲ ಎಣಿಸುತ್ತೆ. ಎರಡೂ ಕಡೆ 702 ಅಂತ ಬಂತು. ಎರಡೂ ಸಮ ಇದೆ ಎಂದು ಬದಲಾವಣೆಯ ಟಿಕೆಟ್ಟಿನಲ್ಲಿ ಬರೆದು ಡಿಬಿಎಗೆ (ಡೇಟಾಬೇಸ್ ನೋಡಿಕೊಳ್ಳುವವರಿಗೆ) ಬಿಟ್ಟುಕೊಟ್ಟೆ.

ಎರಡೂವರೆಗೆ ಅವರ ಫೋನು. ಹೊಸ 60ರಲ್ಲಿ 44 ಡಿಸ್ಕು ಒಂದನೇ ನೋಡಿನಲ್ಲಿ ಇಲ್ಲವೇ ಇಲ್ಲ ಅಂದರು. ಎಎಸ್‌ಎಂ (ಒರಾಕಲ್‌ನ ಡಿಸ್ಕ್ ನಿರ್ವಹಣೆ) ಡಿಸ್ಕ್ ಗ್ರೂಪಿಗೆ ಸೇರಿಸುವ ಮೊದಲೇ ಅವರು ಎರಡೂ ಕಡೆ ನೋಡಿದ್ದು ದೊಡ್ಡ ಪುಣ್ಯ. ಒಂದು ಲನ್ನಿನ ಎಲ್ಲ ಪಾತನ್ನೂ ಒಂದೇ ಡಿಸ್ಕಾಗಿ ತೋರಿಸುವ ಮಲ್ಟಿಪಾತ್ ಪಟ್ಟಿ ನೋಡಿದರೆ ಎರಡನೇ ನೋಡಿನಲ್ಲಿ 300, ಒಂದನೇ ನೋಡಿನಲ್ಲಿ 256. ಲನ್ ಐಡಿ 255ರವರೆಗೆ ಸರಿಯಾಗಿದೆ, 256ರಿಂದ ಮುಂದೆ ಖಾಲಿ.

ಆಮೇಲೆ ಮಾಡಿದ್ದು: ನಾಲ್ಕು ಸಲ ರೀಸ್ಕ್ಯಾನ್. ಝೋನಿಂಗ್ ಪರೀಕ್ಷೆ. ಐಡಿ 260ರ ವಾಲ್ಯೂಮನ್ನು ಮ್ಯಾಪಿಂಗ್‌ನಿಂದ ತೆಗೆದು ಮತ್ತೆ ಹಾಕಿದೆ. ಒಂದು ಕೇಬಲ್ ಸಹ ಬದಲಿಸಿದೆ. ಯಾವುದರಿಂದಲೂ ಏನೂ ಆಗಲಿಲ್ಲ. ಅರೇಯ ತೆರೆಯಲ್ಲಿ ಎರಡೂ ಹೋಸ್ಟಿಗೆ 300 ಮ್ಯಾಪ್ ಆಗಿದೆ ಅಂತಲೇ ಇದೆ. ಅರೇ ಸಪೋರ್ಟಿನವರು "ಇದು ಓಎಸ್ ಲಿಮಿಟ್, ಅವರನ್ನು ಕೇಳಿ" ಅಂದರು. ಓಎಸ್ ಸಪೋರ್ಟಿನವರು "ನಮ್ಮಲ್ಲಿ ಅಂಥ ಲಿಮಿಟ್ ಇಲ್ಲ, ಅರೇ ಕಡೆ ನೋಡಿ" ಅಂದರು. ಇಬ್ಬರ ನಡುವೆ ಮೂರು ದಿನ ಹೋಯಿತು.

ಇನ್ನೊಂದು ವಿಷಯ ನನಗೆ ಭಯ ಹುಟ್ಟಿಸಿದೆ. ಒಂದನೇ ನೋಡಿನ ಕರ್ನಲ್ ಸಂದೇಶಗಳ ಪಟ್ಟಿಯಾದ ಡಿಮೆಸೇಜ್‌ನಲ್ಲಿ "ಲನ್ 16640, ಹೋಸ್ಟ್ ಅಡಾಪ್ಟರ್ ಒಪ್ಪುವುದಕ್ಕಿಂತ ದೊಡ್ಡ ಲನ್" ಎಂಬ ಅರ್ಥದ ಸಾಲು ಬಂದಿದೆ. ಆಮೇಲೆ 16641, 16642 ಅಂತ ಹೋಗುತ್ತೆ. ನಾನು 16640 ಅಂತ ಯಾವ ಲನ್ನೂ ಮಾಡಿಲ್ಲ. ಈ ಅರೇಯನ್ನು ಬೇರೆ ತಂಡಗಳೂ ಬಳಸುತ್ತವೆ. ಇನ್ನೊಬ್ಬರ ಡಿಸ್ಕು ನಮ್ಮ ಸರ್ವರಿಗೆ ಬಂದುಬಿಟ್ಟಿದೆಯಾ?

ಮಿತಿ ಇರುವುದು ಎಲ್ಲಿ, ಅರೇಯಲ್ಲಾ, ಕಾರ್ಡಿನಲ್ಲಾ, ಲಿನಕ್ಸಿನಲ್ಲಾ? ಮಿತಿ 256 ಆದರೆ ಎರಡನೇ ನೋಡಿಗೆ 300 ಹೇಗೆ ಕಂಡಿತು? 702 ನಾಲ್ಕರಿಂದ ಭಾಗವೂ ಆಗುವುದಿಲ್ಲ, ಅದು ಎಲ್ಲಿಂದ ಬಂತು?


ಹಳೆಯುನಿಕ್ಸ್_ಧಾರವಾಡ:

ತಮ್ಮಾ, ಮೊದಲ ಆ ಭಯ ಬಿಡು. 16640 ಯಾರ ಡಿಸ್ಕೂ ಅಲ್ಲ, ನಿಂದ 256ನೇ ಲನ್ ಅದು. ಹೆಂಗ ಅಂತ ಮುಂದ ಹೇಳ್ತೀನಿ.

ನಿನಗ ಆಗಿರೋದು ಎರಡು ಬ್ಯಾರೆ ಬ್ಯಾರೆ ತೊಂದರಿ. ಎರಡೂ ಒಂದ ರಾತ್ರಿ ಕಂಡಾವ ಅಂತ ಒಂದಕ್ಕೊಂದು ಗಂಟು ಹಾಕೀದಿ. 702 ಬ್ಯಾರೆ, 256 ಬ್ಯಾರೆ. ಬಿಡಿಸಿ ನೋಡಿದ್ರ ಎರಡೂ ಸರಳ ಅದಾವ.

702 ತೊಗೊಳ್ಳೋಣ. ಲಿನಕ್ಸ್ ಡಿಸ್ಕಿಗೆ ಹೆಸರಿಡೋದು ಎಸ್‌ಡಿಎ, ಎಸ್‌ಡಿಬಿ ಅಂತ. 26 ಅಕ್ಷರ ಮುಗದ ಮ್ಯಾಲೆ ಎಸ್‌ಡಿಎಎ, ಎಸ್‌ಡಿಎಬಿ. ಇಪ್ಪತ್ತಾರು ಇಪ್ಪತ್ತಾರಲೆ 676. ಅದಕ್ಕ ಮೊದಲಿನ 26 ಕೂಡಸು, 702 ಆತು. 703ನೇ ಡಿಸ್ಕಿಗೆ ಎಸ್‌ಡಿಎಎಎ, ಮೂರಕ್ಷರ. ನಿನ್ನ ಸ್ಕ್ರಿಪ್ಟ್ ತಗದು ನೋಡು, ಅದರಾಗ "ಎಸ್‌ಡಿ ಆದ ಮ್ಯಾಲೆ ಒಂದು ಇಲ್ಲಾ ಎರಡು ಅಕ್ಷರ" ಅಂತ ಪ್ಯಾಟರ್ನ್ ಬರದಿರಬೇಕು. ಮೂರಕ್ಷರದ ಡಿಸ್ಕ್ ಅದಕ್ಕ ಕಾಣಂಗಿಲ್ಲ. ಒಂದು ಕಡೆ 1,025 ಅದಾವ, ಇನ್ನೊಂದು ಕಡೆ 1,201 ಅದಾವ, ಅದು ಎರಡಕ್ಕೂ 702 ಅಂದೈತಿ. ಅಂದ್ರ ಇದು ಓಎಸ್ ಮಿತಿ ಅಲ್ಲ, ನಿನ್ನ ಪ್ಯಾಟರ್ನಿನ ಮಿತಿ.

ಇನ್ನ 256. ಇಲ್ಲಿ ಒಂದು ಮಾತು ಗಟ್ಟಿ ಹಿಡಕೋ. ಲನ್ ಮಿತಿ ಅಂತ ಜನ ಒಂದ ಹೆಸರು ಕರೀತಾರ, ಆದ್ರ ಅದರಾಗ ಎರಡು ಜಾತಿ ಅದಾವ. ಒಂದು, ಎಷ್ಟು ಡಿಸ್ಕ್ ಇರಬಹುದು ಅನ್ನೋ ಎಣಿಕಿ ಮಿತಿ. ಇನ್ನೊಂದು, ಲನ್ ನಂಬರು ಎಷ್ಟರ ತನಕ ಹೋಗಬಹುದು ಅನ್ನೋ ನಂಬರ್ ಮಿತಿ. ನಿಂದು ಎರಡನೇ ಜಾತಿ. ನೀ ಹತ್ತ ಲನ್ ಕೊಟ್ಟು ಅದಕ್ಕ 400ರಿಂದ 409 ಅಂತ ಐಡಿ ಹಾಕಿದ್ರೂ ಒಂದನೇ ನೋಡಿನ್ಯಾಗ ಒಂದೂ ಕಾಣ್ತಿರಲಿಲ್ಲ.

ಸರ್ವರ್ ಡಿಸ್ಕಿನ ಜೊತಿ ಮಾತಾಡೋ ಪದ್ಧತಿಗೆ ಸ್ಕಸಿ ಅಂತಾರ. ಅದರೊಳಗ ಲನ್ ಅಂದ್ರ 8 ಬೈಟಿನ ವಿಳಾಸ. ಅದರಾಗ ನಂಬರ್ ಬರಿಯೋ ಪದ್ಧತಿ ಒಂದ ಅಲ್ಲ. ಹಳೇದು ಪೆರಿಫೆರಲ್ ಪದ್ಧತಿ, ನಂಬರಿಗೆ 8 ಬಿಟ್, ಅಂದ್ರ 0ರಿಂದ 255. ಅದಕ್ಕೂ ಮ್ಯಾಲೆ ಹೋಗಬೇಕಂದ್ರ ಫ್ಲಾಟ್ ಸ್ಪೇಸ್ ಪದ್ಧತಿ, ನಂಬರಿಗೆ 14 ಬಿಟ್, 0ರಿಂದ 16383. ಯಾವ ಪದ್ಧತಿ ಅಂತ ಗುರುತಿಸಾಕ ಮೊದಲಿನ ಎರಡು ಬಿಟ್. ಫ್ಲಾಟ್ ಇದ್ರ ಆ ಎರಡು ಬಿಟ್ ಸೊನ್ನೆ, ಒಂದು. ಲಿನಕ್ಸ್ ಆ ಗುರುತಿನ ಬಿಟ್ ಕಳಿಯಂಗಿಲ್ಲ, ಅದನ್ನೂ ಸೇರಿಸಿ ನಂಬರ್ ಓದತೈತಿ. ಆ ಬಿಟ್ಟಿನ ಬೆಲಿ 16384. ಅದಕ್ಕ 256 ಕೂಡಸು. ನಿನ್ನ 16640 ಬಂತು. 299ನೇ ಲನ್ 16683 ಅಂತ ಕಾಣಬೇಕು, ನೋಡಿ ಹೇಳು.

ಈಗ ಎರಡನೇ ನೋಡಿಗೆ ಯಾಕ ಕಂಡಾವ ಅನ್ನೋದು. ನೀ ಕಾರ್ಡ್ ಯಾವುದು ಅಂತ ಬರದಿಲ್ಲ, ಆದ್ರೂ ಹೇಳ್ತೀನಿ: ಒಂದನೇದರಾಗ ಎಮ್ಯುಲೆಕ್ಸ್, ಎರಡನೇದರಾಗ ಕ್ಯುಲಾಜಿಕ್ ಇರಬೇಕು. ಎಮ್ಯುಲೆಕ್ಸ್ ಡ್ರೈವರ್ ಎಲ್‌ಪಿಎಫ್‌ಸಿ. ಅದರಾಗ ಎಲ್‌ಪಿಎಫ್‌ಸಿ_ಮ್ಯಾಕ್ಸ್_ಲನ್ಸ್ ಅಂತ ಒಂದು ಪ್ಯಾರಾಮೀಟರ್ ಐತಿ, ನೀ ಏನೂ ಹೇಳದಿದ್ರ ಅದರ ಬೆಲಿ 255. ಕ್ಯುಲಾಜಿಕ್ ಡ್ರೈವರಿನ್ಯಾಗ ಅದ ಕೆಲಸಕ್ಕ ಇರೋ ಪ್ಯಾರಾಮೀಟರಿಗೆ ಮೂಲ ಬೆಲಿ 65535. ಓಎಸ್ ಒಂದ, ಕರ್ನಲ್ ಒಂದ, ಅರೇ ಒಂದ, ಡ್ರೈವರ್ ಬ್ಯಾರೆ. ಅದಕ್ಕ ನಿನ್ನ ಇಬ್ಬರು ಸಪೋರ್ಟಿನವರೂ ತಮ್ಮ ತಮ್ಮ ಮಟ್ಟಿಗೆ ಖರೆ ಹೇಳ್ಯಾರ, ನಡುವಿನ ಡ್ರೈವರ್ ಯಾರೂ ನೋಡಿಲ್ಲ.

ಸಿಸ್ ಕ್ಲಾಸ್ ಸ್ಕಸಿ ಹೋಸ್ಟ್ ಕೆಳಗ ನಿನ್ನ ಹೋಸ್ಟ್ ನಂಬರಿನ ಡೈರೆಕ್ಟರಿಯೊಳಗ ಅದ ಹೆಸರಿನ ಫೈಲ್ ಐತಿ. ತಗದು ನೋಡು, 255 ಅಂತ ಇದ್ರ ರೋಗ ಸಿಕ್ಕಂಗ. ಆ ಫೈಲ್ ಓದಾಕ ಮಾತ್ರ, ಬರಿಯಾಕ ಬರಂಗಿಲ್ಲ.


ರಾತ್ರಿಪಾಳಿ_ಶಿರಸಿ:

ಸರ್, ಓದಿ ಎದ್ದು ನಿಂತುಬಿಟ್ಟೆ. ಒಂದನೇ ನೋಡಿನಲ್ಲಿ ಎಮ್ಯುಲೆಕ್ಸ್ ಕಾರ್ಡೇ. ಎರಡನೇ ಸರ್ವರು ಒಂದು ವರ್ಷ ಬಿಟ್ಟು ಬಂದದ್ದು, ಅದರಲ್ಲಿ ಕ್ಯುಲಾಜಿಕ್ ಇದೆ. ಖರೀದಿಯ ಹೊತ್ತಿಗೆ ಎರಡೂ 32 ಗಿಗಾಬಿಟ್ ಎಂದು ನೋಡಿಕೊಂಡಿದ್ದೆವು, ಅಷ್ಟೇ. ಡ್ರೈವರಿನ ಮೂಲ ಬೆಲೆ ಇಷ್ಟು ಬೇರೆ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ. ಆ ಫೈಲಿನಲ್ಲಿ 255 ಅಂತಲೇ ಇದೆ. ಡಿಮೆಸೇಜ್‌ನಲ್ಲಿ ಕೊನೆಯ ನಂಬರು 16683. ಒಂದು ಸ್ಕ್ಯಾನಿಗೆ ಇಂಥ 176 ಸಾಲು ಬಂದಿವೆ: 44 ಲನ್, ನಾಲ್ಕು ಪಾತ್.

ಸ್ಕ್ರಿಪ್ಟಿನ ಪ್ಯಾಟರ್ನೂ ನೀವು ಹೇಳಿದ ಹಾಗೆಯೇ ಇತ್ತು. ಹಳೆಯ ಟಿಕೆಟ್ಟುಗಳನ್ನು ತೆಗೆದು ನೋಡಿದೆ. ಲನ್ 180 ಇದ್ದಾಗಲೂ 702 ಅಂತ ಬರೆದಿದ್ದೇನೆ, 210 ಆದಾಗಲೂ 702, 240 ಆದಾಗಲೂ 702. ಎರಡು ನೋಡನ್ನು ಒಂದಕ್ಕೊಂದು ಹೋಲಿಸುತ್ತಿದ್ದೆ, ನಿನ್ನೆಯ ಲೆಕ್ಕಕ್ಕೆ ಇವತ್ತಿನದನ್ನು ಹೋಲಿಸಲಿಲ್ಲ. ಇದು ನನಗೆ ತುಂಬಾ ನೋವಾದ ಸಂಗತಿ, ಏಕೆಂದರೆ ಆ ಟಿಕೆಟ್ಟುಗಳ ಮೇಲೆ ನಂಬಿಕೆ ಇಟ್ಟು ಡಿಬಿಎ ತಂಡ ರಾತ್ರಿ ಕೆಲಸ ಮಾಡಿದೆ.

ಈಗ ಎರಡು ಪ್ರಶ್ನೆ. ನಮ್ಮ ಟೆಸ್ಟ್ ಸರ್ವರಿನಲ್ಲೂ ಎಮ್ಯುಲೆಕ್ಸ್ ಇದೆ. ಅಲ್ಲಿ ಐಡಿ 270ರಲ್ಲಿ ಒಂದು ಚಿಕ್ಕ ಲನ್ ಕೊಟ್ಟು, ಮ್ಯಾಕ್ಸ್ ಲನ್ಸ್ 512 ಎಂದು ಹಾಕಿ ರೀಬೂಟ್ ಮಾಡಿದೆ. ಫೈಲಿನಲ್ಲಿ 512 ಅಂತ ಬಂತು, ಆದರೆ ಲನ್ ಬರಲಿಲ್ಲ! 270 ಐನೂರಹನ್ನೆರಡಕ್ಕಿಂತ ಕಡಿಮೆ ತಾನೇ? ಇನ್ನೊಂದು, ಪ್ರೊಡಕ್ಷನ್ನಿನಲ್ಲಿ ರೀಬೂಟ್ ಇಲ್ಲದೆ ಆ 44 ಲನ್ ತರುವ ದಾರಿ ಇದೆಯಾ?


ಹಾಸನದಕ್ಕ:

ಶಿರಸಿಯವರೇ, ಧಾರವಾಡದ ಸರ್ ಬರುವಷ್ಟರಲ್ಲಿ ನಮ್ಮ ಕಡೆಯದೊಂದು ಹೇಳಿಬಿಡುತ್ತೇನೆ. ಅವರು ಹೇಳಿದ ಎರಡು ಜಾತಿಯಲ್ಲಿ ಎಣಿಕೆಯ ಮಿತಿ ಹೇಗಿರುತ್ತೆ ಅಂತ ನಾನು ಮೈಮೇಲೆ ಬಂದಾಗಲೇ ಕಲಿತದ್ದು.

ನಾನು ವಿಎಂವೇರ್ ನೋಡಿಕೊಳ್ಳುವವಳು. ಅದರ ಇಎಸ್‌ಎಕ್ಸ್‌ಐ ಅನ್ನುವುದು ಒಂದು ಸರ್ವರಿನ (ಹೋಸ್ಟಿನ) ಮೇಲೆ ಹಲವು ವಿಎಂ, ಅಂದರೆ ವರ್ಚುವಲ್ ಸರ್ವರು, ನಡೆಸುವ ತಂತ್ರಾಂಶ. ಇಎಸ್‌ಎಕ್ಸ್‌ಐ 6.0ದಲ್ಲಿ ಒಂದು ಹೋಸ್ಟಿಗೆ 256 ಲನ್, 1,024 ಪಾತ್. ಎರಡರಲ್ಲಿ ಯಾವುದು ಮೊದಲು ತುಂಬಿದರೂ ಅಲ್ಲಿಗೆ ನಿಂತಿತು. ಎಲ್ಲರೂ 256 ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತಾರೆ, 1,024 ಮರೆಯುತ್ತಾರೆ. ನಮ್ಮಲ್ಲಿ 140 ಲನ್, ನಾಲ್ಕು ಪಾತ್, ಒಟ್ಟು 560. ಬೇಕಾದಷ್ಟು ಜಾಗ ಇದೆ ಅಂದುಕೊಂಡಿದ್ದೆವು. ಆಗ ಅರೇಗೆ ಹೊಸ ಪೋರ್ಟು ಬಂದವು, ಸ್ಟೋರೇಜ್ ತಂಡದವರು ಒಳ್ಳೆಯದಕ್ಕೇ ಅಂತ ಝೋನಿಂಗ್ ಹೆಚ್ಚಿಸಿ ಒಂದು ಲನ್‌ಗೆ ಎಂಟು ಪಾತ್ ಮಾಡಿದರು. 140 ಎಂಟ್ಲಿ 1,120. ಮಿತಿಗಿಂತ 96 ಹೆಚ್ಚು. ಒಂದೇ ಒಂದು ಹೊಸ ಲನ್ ಕೊಟ್ಟಿರಲಿಲ್ಲ, ಅದನ್ನು ಗಮನಿಸಿ.

ಆವತ್ತು ಏನೂ ತಿಳಿಯಲಿಲ್ಲ, ಎಲ್ಲ ನಡೆಯುತ್ತಲೇ ಇತ್ತು. ಮುಂದಿನ ಪ್ಯಾಚಿಗೆ ಹೋಸ್ಟುಗಳನ್ನು ಒಂದೊಂದಾಗಿ ರೀಬೂಟ್ ಮಾಡುತ್ತಾ ಹೋದಾಗ ಗೊತ್ತಾಯಿತು. ಕೆಲವು ಡೇಟಾಸ್ಟೋರಿಗೆ (ವಿಎಂಗಳ ಫೈಲು ಇಡುವ ಜಾಗ) ಎಂಟರ ಬದಲು ಮೂರೋ ನಾಲ್ಕೋ ಪಾತ್, ಕೆಲವು ಬರಲೇ ಇಲ್ಲ. ಅದೂ ಒಂದೊಂದು ಹೋಸ್ಟಿನಲ್ಲಿ ಒಂದೊಂದು ಡೇಟಾಸ್ಟೋರು ನಾಪತ್ತೆ. ಬಾರದೇ ಇದ್ದವುಗಳಲ್ಲಿ ಒಂದು ನಮ್ಮ ಸಂಬಳದ ತಂತ್ರಾಂಶ ಇದ್ದ ವಿಎಂನದು. ತಿಂಗಳ 29ನೇ ತಾರೀಖು. ಆ ಮಧ್ಯಾಹ್ನ ನಾನು ಊಟಕ್ಕೆ ಎದ್ದವಳಲ್ಲ.

6.5ರಲ್ಲಿ ಇದು 512 ಲನ್, 2,048 ಪಾತ್ ಆಯಿತು. 6.7ರಲ್ಲಿ 1,024 ಮತ್ತು 4,096. ಆದರೂ ಗುಣಾಕಾರ ಬಿಡುವಂತಿಲ್ಲ: ಎಂಟು ಪಾತ್ ಇಟ್ಟರೆ 6.7ರಲ್ಲೂ 512 ಲನ್‌ಗೇ ಪಾತ್ ಮುಗಿದುಹೋಗುತ್ತೆ. ಇನ್ನೊಂದು, ಕ್ಲಸ್ಟರಿನಲ್ಲಿ ಎಲ್ಲ ಲನ್ ಎಲ್ಲ ಹೋಸ್ಟಿಗೂ ಕೊಟ್ಟಿರುತ್ತೇವಲ್ಲ, ಹಾಗಾಗಿ ಹೋಸ್ಟಿನ ಮಿತಿ ಅಂತ ಕಾಗದದಲ್ಲಿ ಇರುವುದು ನಿಜದಲ್ಲಿ ಇಡೀ ಕ್ಲಸ್ಟರಿನ ಮಿತಿ. ಹೋಸ್ಟ್ ಹೆಚ್ಚು ಮಾಡಿದರೆ ಲನ್‌ಗೆ ಜಾಗ ಹೆಚ್ಚುವುದಿಲ್ಲ.

ಝೋನಿಂಗ್ ಬದಲಾಯಿಸುವವರಿಗೆ ಈ ಲೆಕ್ಕ ಗೊತ್ತಿರಲೇಬೇಕು ಅನ್ನುವುದು ನನ್ನ ಹಟ. ನಮ್ಮಲ್ಲಿ ಈಗ ಝೋನಿಂಗ್ ಟಿಕೆಟ್ಟಿನಲ್ಲೇ "ಲನ್ ಎಷ್ಟು, ಪಾತ್ ಎಷ್ಟು, ಗುಣಿಸಿದರೆ ಎಷ್ಟು" ಅಂತ ಮೂರು ಖಾನೆ ಇಟ್ಟಿದ್ದೇನೆ. ತುಂಬದೆ ಕಳಿಸಿದರೆ ವಾಪಸ್ಸು.


ಹಳೆಯುನಿಕ್ಸ್_ಧಾರವಾಡ:

ಅಕ್ಕಾವ್ರ ಹೇಳಿದ್ದು ಬರದಿಟ್ಟುಕೊಳ್ಳುವಂಥಾದ್ದು.

ತಮ್ಮಾ, ನಿನ್ನ 512ರ ಸುದ್ದಿ. ನಿನಗ 270, ಡ್ರೈವರಿಗೆ ಅದು 270 ಅಲ್ಲ. 16384ಕ್ಕ 270 ಕೂಡಸು, 16654. ಅದನ್ನ 512ರ ಜೊತಿ ಹೋಲಿಸಿ "ದೊಡ್ಡದು" ಅಂತ ಬಿಟ್ಟೈತಿ. 512 ಅಷ್ಟ ಅಲ್ಲ, ಹತ್ತು ಸಾವಿರ ಹಾಕಿದ್ರೂ ಬರಂಗಿಲ್ಲ. 65535 ಹಾಕು, ಅದ ಮ್ಯಾಲಿನ ತುದಿ. ಬಹಳ ಮಂದಿ ಇಲ್ಲೇ ಎಡವತಾರ. ಮಿತಿ ಎರಡುಪಟ್ಟು ಮಾಡಿದ್ವಿ, ಆದ್ರೂ ಆಗಲಿಲ್ಲ ಅಂದ್ರ ತಪ್ಪು ಬ್ಯಾರೆ ಕಡೆ ಐತಿ ಅಂತ ಮತ್ತ ಕೇಬಲ್ ಹಿಂದ ಬೀಳತಾರ.

ಮಾಡೋ ರೀತಿ: ಮಾಡ್‌ಪ್ರೋಬ್ ಡೈರೆಕ್ಟರಿಯೊಳಗ ಒಂದು ಫೈಲ್ ಮಾಡಿ ಎಲ್‌ಪಿಎಫ್‌ಸಿಗೆ ಆ ಆಪ್ಷನ್ ಬರಿ. ಆಮ್ಯಾಲೆ ಡ್ರಾಕಟ್ ಓಡಿಸಿ, ಬೂಟ್ ಆಗುವಾಗ ಮೊದಲ ಏರೋ ಡ್ರೈವರ್ ಗಂಟು ಅಂದ್ರ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟು. ಇದನ್ನ ಮರೀಬ್ಯಾಡ. ಡ್ರೈವರ್ ಅದರಾಗಿಂದ ಏರಿದ್ರ ನಿನ್ನ ಫೈಲ್ ಅದಕ್ಕ ಗೊತ್ತ ಆಗಂಗಿಲ್ಲ, ರೀಬೂಟ್ ಮಾಡಿದ್ರೂ 255 ಇರ್ತೈತಿ. ರಾಕ್ ಇದ್ದದ್ದು ಅನುಕೂಲ: ಸೇವಾ ಎಲ್ಲಾ ಎರಡನೇ ನೋಡಿಗೆ ಸರಿಸು, ಒಂದನೇದನ್ನ ರೀಬೂಟ್ ಮಾಡು.

ರೀಬೂಟ್ ಇಲ್ಲದ ದಾರಿ ಐತಿ, ಆದ್ರ ಬ್ಯಾಡ ಅಂತೀನಿ. ಈ ಮಿತಿ ಪ್ರತಿ ಟಾರ್ಗೆಟ್ ಪೋರ್ಟಿಗೆ, ಅಂದ್ರ ಅರೇಯ ಒಂದೊಂದು ಪೋರ್ಟಿಗೆ, ಬ್ಯಾರೆ ಬ್ಯಾರೆ ನೋಡತೈತಿ. ಅರೇಯ ಬ್ಯಾರೆ ಪೋರ್ಟ್ ಜೋಡಿಯಿಂದ ಆ 44 ವಾಲ್ಯೂಮನ್ನ 0ರಿಂದ 43 ಅಂತ ಐಡಿ ಕೊಟ್ಟು ಮ್ಯಾಪ್ ಮಾಡಿದ್ರ ಈಗಿಂದೀಗ ಕಾಣ್ತಾವ. ಮಲ್ಟಿಪಾತ್ ಡಿಸ್ಕನ್ನ ಗುರುತಿಸೋದು ಲನ್ ಐಡಿಯಿಂದಲ್ಲ, ಡಿಸ್ಕಿನ ಸ್ವಂತ ಗುರುತಿನ ನಂಬರಿನಿಂದ. ಅದಕ್ಕ ಲಿನಕ್ಸಿಗೆ ಏನೂ ಬಾಧಿ ಇಲ್ಲ. ಬಾಧಿ ಮನುಷ್ಯಾರಿಗೆ. ಒಂದ ವಾಲ್ಯೂಮಿಗೆ ಒಂದು ನೋಡಿನ್ಯಾಗ 7, ಇನ್ನೊಂದರಾಗ 263 ಅಂತ ಇದ್ರ, ಎರಡು ವರ್ಷ ಆದ ಮ್ಯಾಲೆ ನಡುರಾತ್ರಿ ಯಾರೋ ಹೊಸಬ "7 ತಗಿ" ಅಂದಾಗ ಬ್ಯಾರೇದನ್ನ ತಗೀತಾನ.

ಇದನ್ನ ಒತ್ತಿ ಹೇಳಾಕ ಕಾರಣ ಐತಿ. 2005ರ ಸುಮಾರಿಗೆ ನಾ ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್ 11ಐ ವಿ2 ಮ್ಯಾಲೆ ಕೆಲಸ ಮಾಡತಿದ್ದೆ. ಅಲ್ಲಿ ಡಿಸ್ಕಿನ ಹೆಸರು ಸಿ ಟಿ ಡಿ ಅಂತ: ಕಂಟ್ರೋಲರ್, ಟಾರ್ಗೆಟ್, ಡಿಸ್ಕ್. ಒಂದು ಟಾರ್ಗೆಟಿಗೆ ಎಂಟ ಲನ್, ಡಿ0ಯಿಂದ ಡಿ7. ಟಾರ್ಗೆಟ್ 16. ಒಂದು ಕಂಟ್ರೋಲರ್ ಹೆಸರಿನ ಕೆಳಗ 128ಕ್ಕಿಂತ ಹೆಚ್ಚು ಹಿಡಿಯಂಗಿಲ್ಲ, ಅದಕ್ಕೂ ಮ್ಯಾಲೆ ಹೋದ್ರ ಓಎಸ್ ಇನ್ನೊಂದು ಕಂಟ್ರೋಲರ್ ನಂಬರ್ ತಾನ ಹುಟ್ಟಸತಿತ್ತು. ಅರೇದಾಗ ಲನ್ 47 ಅಂತ ಕೊಟ್ರ ಹೋಸ್ಟಿನ್ಯಾಗ ಟಿ5ಡಿ7 ಅಂತ ಕಾಣ್ತಿತ್ತು. ಎಂಟರಿಂದ ಭಾಗಿಸಬೇಕು, ಭಾಗಲಬ್ಧ ಟಾರ್ಗೆಟ್, ಶೇಷ ಡಿಸ್ಕ್. ನನ್ನ ಮೇಜಿನ ಮ್ಯಾಲೆ ಒಂದು ಉದ್ದನ ನೋಟ್‌ಬುಕ್ ಇರ್ತಿತ್ತು. ಎಡಕ್ಕ ಅರೇ ನಂಬರ್, ನಡುವ ಅಷ್ಟಮಾನ, ಬಲಕ್ಕ ಹೋಸ್ಟಿನ ಹೆಸರು, ಕೆಂಪು ಶಾಯಿಯಿಂದ ಗೆರಿ. ಒಮ್ಮೆ ಒಬ್ಬರು ನೋಟ್‌ಬುಕ್ ನೋಡಲಾರದ 47 ಅನ್ನೋದನ್ನ ಟಿ4ಡಿ7 ಅಂತ ನೇರ ಓದಿ ಡಿಸ್ಕ್ ತಗದ್ರು. ಟಿ4ಡಿ7 ಅಂದ್ರ 39. ಟೇಪಿನಿಂದ ವಾಪಸ್ ತರಾಕ ಎರಡು ದಿನ ಹಿಡೀತು. ಆ ವಾಲ್ಯೂಮಿನ್ಯಾಗ ಇದ್ದದ್ದು ಒಂದು ದವಾಖಾನಿಯ ಪರೀಕ್ಷಾ ವರದಿಗಳು. ಆ ಎರಡು ದಿನ ಅಲ್ಲಿ ಜನ ಕಾಗದದ ಮ್ಯಾಲೆ ಬರಕೊಂಡು ನಿಂತಿದ್ರು ಅಂತ ಆಮ್ಯಾಲೆ ಕೇಳಿದೆ. 2007ರಾಗ 11ಐ ವಿ3 ಬಂದು ಡಿಸ್ಕಿಗೆ ಡಿಸ್ಕ್14 ಅಂತ ಗಟ್ಟಿ ಹೆಸರು ಕೊಟ್ಟಿತು, ಪಾತ್ ಬದಲಾದ್ರೂ ಹೆಸರು ಬದಲಾಗಂಗಿಲ್ಲ. ನನಗ ಆವತ್ತು ಆದ ಸಮಾಧಾನ ಈಗೂ ನೆನಪೈತಿ.

ಇನ್ನೊಂದು ಅನುಮಾನ ಯಾರಿಗಾದ್ರೂ ಬರಬಹುದು, ಮೊದಲ ಹೇಳಿಬಿಡ್ತೀನಿ. ಲಿನಕ್ಸಿನ ಹಳೇ ಪುಸ್ತಕದಾಗ "256 ಡಿಸ್ಕ್ ಮಿತಿ" ಅಂತ ಇರ್ತೈತಿ. ಅದು ಬ್ಯಾರೆ 256. ಎಸ್‌ಡಿ ಡಿಸ್ಕನ್ನ ಕರ್ನಲ್ ಮೇಜರ್, ಮೈನರ್ ಅಂತ ಎರಡು ನಂಬರಿನಿಂದ ಗುರುತಿಸತೈತಿ. ಅವಕ್ಕ ಮೀಸಲಿಟ್ಟ ಮೇಜರ್ ನಂಬರ್ ಒಟ್ಟು ಹದಿನಾರು ಅದಾವ: 8, ಆಮ್ಯಾಲೆ 65ರಿಂದ 71, ಆಮ್ಯಾಲೆ 128ರಿಂದ 135. ಒಂದೊಂದರ ಕೆಳಗ 16 ಡಿಸ್ಕ್, ಹದಿನಾರು ಹದಿನಾರಲೆ 256. 2.6 ಕರ್ನಲ್‌ದಾಗ ಮೈನರ್ ನಂಬರ್ 8 ಬಿಟ್ಟಿನಿಂದ 20 ಬಿಟ್ಟಿಗೆ ಹೋತು, ಆ ಗ್ವಾಡಿ ಆವತ್ತ ಬಿತ್ತು. ಅದು ಪಾತ್ ಎಣಿಸೋ ಮಿತಿ. ನಿನ್ನ ಹತ್ರ ಪಾತ್‌ಗಳ 1,024 ಕಾಣಾಕತ್ತಾವ, ಅಂದಮ್ಯಾಲೆ ಅದು ನಿನಗ ಸಂಬಂಧ ಇಲ್ಲ.

ಹಂಗ, ರೆಡ್ ಹ್ಯಾಟ್ 6 ಇನ್ನೂ ಇಟ್ಟುಕೊಂಡವರು ಇದ್ರ: ಅಲ್ಲಿ ಸ್ಕಸಿ ಮಾಡ್ಯೂಲಿನ್ಯಾಗ ಮ್ಯಾಕ್ಸ್ ರಿಪೋರ್ಟ್ ಲನ್ಸ್ ಅಂತ ಇನ್ನೊಂದು ಪ್ಯಾರಾಮೀಟರ್ ಐತಿ, ಮೂಲ ಬೆಲಿ 511. ಅದು ಎಣಿಕಿ ಮಿತಿ. ಡ್ರೈವರ್ ಸರಿ ಮಾಡಿದ ಮ್ಯಾಲೂ ಒಂದು ಟಾರ್ಗೆಟಿನ್ಯಾಗ 511 ದಾಟಿದ್ರ ಅಲ್ಲಿ ನಿಲ್ಲತೈತಿ. ಹೊಸ ಕರ್ನಲ್‌ದಾಗ ಅದನ್ನ ತಗದಾರ.


ವಿಂಡೋಸ್_ಕೋಲಾರ:

ಒಂದು ಸಣ್ಣ ಸೇರ್ಪಡೆ. ಇದೇ ಅರೇಯಿಂದ ವಿಂಡೋಸ್ ಸರ್ವರಿಗೂ ಕೊಡುವವರು ನೆನಪಿಡಿ, ವಿಂಡೋಸ್ ಒಂದು ಟಾರ್ಗೆಟಿನಲ್ಲಿ ಬಳಸುವ ಲನ್ ಐಡಿ 0ರಿಂದ 254, ಒಟ್ಟು 255. ಲಿನಕ್ಸಿಗೆ 255ನೇ ಐಡಿ ಕಂಡಿತಲ್ಲ ಅಂತ ಅದೇ ಪಟ್ಟಿಯನ್ನು ವಿಂಡೋಸ್ ಕ್ಲಸ್ಟರಿಗೆ ನಕಲು ಮಾಡಿದರೆ ಕೊನೆಯದೊಂದು ಬರುವುದಿಲ್ಲ. ಒಂದೇ ಒಂದು ಡಿಸ್ಕು ಕಡಿಮೆ ಇರುವುದು ಎಣಿಸದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಡ್ರೈವ್ ಅಕ್ಷರ 26ಕ್ಕೆ ಮುಗಿಯುತ್ತೆ ಅಂತ ಹೊಸಬರು ಹೆದರುತ್ತಾರೆ, ಅದು ತೊಂದರೆಯಲ್ಲ, ಫೋಲ್ಡರಿಗೆ ಮೌಂಟ್ ಮಾಡಬಹುದು.

ನನಗೊಂದು ಸಂದೇಹ, ಶಿರಸಿಯವರೇ. 300 ಲನ್ ಯಾಕೆ ಬೇಕು? ದೊಡ್ಡ ದೊಡ್ಡದು 40 ಮಾಡಿದ್ದರೆ ಈ ಯಾವ ಮಿತಿಯ ಹತ್ತಿರವೂ ಹೋಗುತ್ತಿರಲಿಲ್ಲವಲ್ಲ.


ರಾತ್ರಿಪಾಳಿ_ಶಿರಸಿ:

ಆ ಪ್ರಶ್ನೆ ನಾನೂ ಕೇಳಿದ್ದೆ. ಡಿಬಿಎ ತಂಡದ ಕಾರಣ ಕ್ಯೂ ಡೆಪ್ತ್. ಒಂದು ಲನ್‌ಗೆ ಒಂದು ಹೊತ್ತಿಗೆ ಇಷ್ಟೇ ಕಮಾಂಡು ಅಂತ ಡ್ರೈವರಿನಲ್ಲಿ ಮಿತಿ ಇರುತ್ತಲ್ಲ, ಲನ್ ಹೆಚ್ಚಿದ್ದಷ್ಟೂ ಒಟ್ಟು ಸಾಲು ದೊಡ್ಡದು ಅನ್ನುವುದು ಅವರ ವಾದ. ಜೊತೆಗೆ ಡಿಸ್ಕ್ ಗ್ರೂಪಿನಲ್ಲಿ ಎಲ್ಲ ಡಿಸ್ಕೂ ಒಂದೇ ಅಳತೆ ಇರಬೇಕು. ಶುರುವಿನಲ್ಲಿ 500 ಜಿಬಿ ಅಂತ ಇಟ್ಟಿದ್ದರು, ಅದನ್ನೇ ಬೆಳೆಸುತ್ತಾ ಬಂದಿದ್ದಾರೆ.


ಹಳೆಯುನಿಕ್ಸ್_ಧಾರವಾಡ:

ವಾದ ಅರ್ಧ ಖರೆ. ಹೋಸ್ಟ್ ಕಡೆ ಸಾಲು ದೊಡ್ಡದಾಗತೈತಿ, ಆದ್ರ ಅರೇಯ ಪೋರ್ಟಿಗೂ ಒಂದು ಸಾಲು ಐತಲ್ಲ. 300 ಲನ್, ಒಂದೊಂದಕ್ಕ 30 ಅಂದ್ರೂ 9,000 ಕಮಾಂಡ್. ಎರಡು ನೋಡಿಂದು ಸೇರಿ 18,000. ಎಲ್ಲಾ ಒಮ್ಮೆಲೆ ಬಂದು ಬಿದ್ರ ಪೋರ್ಟ್ "ಕ್ಯೂ ಫುಲ್" ಅಂತ ವಾಪಸ್ ಕಳಸತೈತಿ, ಆಗ ವೇಗ ಹೆಚ್ಚಾಗೋದಿಲ್ಲ, ಕುಂದತೈತಿ. ನಿಮ್ಮ ಅರೇಯ ಕೈಪಿಡಿಯೊಳಗ ಒಂದು ಪೋರ್ಟಿಗೆ ಎಷ್ಟು ಅಂತ ಇರ್ತೈತಿ, ಅದನ್ನ ಡಿಬಿಎ ಮುಂದ ಇಟ್ಟು ಕುಂತು ಮಾತಾಡ್ರಿ. ಮುಂದಿನ ಸಲ ಡಿಸ್ಕ್ ಗ್ರೂಪ್ ಹೊಸದಾಗಿ ಕಟ್ಟೋ ಹೊತ್ತಿನ್ಯಾಗ 2 ಟಿಬಿ ಅಳತಿ ಕೇಳು. 300 ಇದ್ದದ್ದು 75 ಆಗತೈತಿ.

ರೀಬೂಟ್ ಮಾಡೋ ಮೊದಲ ಇನ್ನೊಂದು. ಮಲ್ಟಿಪಾತ್ ಕಾನ್ಫಿಗ್ ಫೈಲಿನ್ಯಾಗ ಮ್ಯಾಕ್ಸ್ ಎಫ್‌ಡಿಎಸ್ ಅಂತ ಐತಿ, ಮಲ್ಟಿಪಾತ್ ಡೀಮನ್ (ಹಿನ್ನೆಲಿಯೊಳಗ ಓಡೋ ಪ್ರೋಗ್ರಾಂ) ಒಮ್ಮೆಗೆ ಎಷ್ಟು ಫೈಲ್ ತಗದಿಡಬಹುದು ಅನ್ನೋದು. ಹಳೇ ಆವೃತ್ತಿಯೊಳಗ ಅದು 1,024ಕ್ಕ ನಿಲ್ಲತಿತ್ತು. ಒಟ್ಟು ಪಾತ್‌ಗೆ 32 ಕೂಡಿಸಿ ಅದಕ್ಕಿಂತ ಕಡಿಮಿ ಇರಬಾರದು ಅನ್ನೋದು ಲೆಕ್ಕ. ನಿಂದು 1,200ಕ್ಕ 32 ಕೂಡಿಸಿ 1,232. ಯಾರಾದ್ರೂ ಹಳೇ ಸರ್ವರಿಂದ ಫೈಲ್ ನಕಲು ಮಾಡಿ 1,024 ಅಂತ ಬರದಿಟ್ಟಾರೇನು, ತಗದು ನೋಡು.


ರಾತ್ರಿಪಾಳಿ_ಶಿರಸಿ:

ಭಾನುವಾರ ಬೆಳಗಿನ ಜಾವದ ವರದಿ.

ಮ್ಯಾಕ್ಸ್ ಎಫ್‌ಡಿಎಸ್ 1,024 ಅಂತ ಬರೆದಿಟ್ಟಿದ್ದರು ಸರ್! ಎರಡೂ ನೋಡಿನಲ್ಲಿ. ಹಿಂದಿನ ಸರ್ವರಿನಿಂದ ಬಂದ ಫೈಲು. ಆ ಸಾಲನ್ನು ಬದಲಿಸಿ, ಎಲ್‌ಪಿಎಫ್‌ಸಿ ಆಪ್ಷನ್ 65535 ಮಾಡಿ, ಡ್ರಾಕಟ್ ಓಡಿಸಿ, ಮೊದಲು ಟೆಸ್ಟ್ ಸರ್ವರಿನಲ್ಲಿ ಐಡಿ 270 ಬಂದದ್ದನ್ನು ಕಣ್ಣಾರೆ ನೋಡಿಕೊಂಡು, ಆಮೇಲೆ ಒಂದನೇ ನೋಡಿಗೆ ಕೈ ಹಾಕಿದೆ. ಸೇವೆಗಳನ್ನು ಎರಡನೇ ನೋಡಿಗೆ ಸರಿಸಿ 1:10ಕ್ಕೆ ರೀಬೂಟ್. ಮೇಲೆದ್ದು ಎಲ್ಲ ಪಾತ್ ಬರುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಮಲ್ಟಿಪಾತ್‌ನಲ್ಲಿ 300. ಪ್ರತಿಯೊಂದಕ್ಕೂ ನಾಲ್ಕು ಪಾತ್. ಡಿಮೆಸೇಜ್‌ನಲ್ಲಿ "ದೊಡ್ಡ ಲನ್" ಎಂಬ ಸಾಲು ಒಂದೂ ಇಲ್ಲ.

ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ. ಎಸ್‌ಡಿ ಆದ ಮೇಲೆ ಎಷ್ಟೇ ಅಕ್ಷರ ಇದ್ದರೂ ಎಣಿಸುತ್ತೆ, ಅದರ ಪಕ್ಕದಲ್ಲಿ ಮಲ್ಟಿಪಾತ್ ಲೆಕ್ಕ ಇಟ್ಟು ನಾಲ್ಕರಿಂದ ಗುಣಿಸಿ ತಾಳೆ ನೋಡುತ್ತೆ, ಹಿಂದಿನ ಟಿಕೆಟ್ಟಿನ ಸಂಖ್ಯೆಯನ್ನೂ ತೋರಿಸುತ್ತೆ. ಈಗ ಎರಡೂ ಕಡೆ 1,201. ಒಂದನೇ ನೋಡಿನ ಕೊನೆಯ ಡಿಸ್ಕಿನ ಹೆಸರು ಎಸ್‌ಡಿಎಟಿಇ. ಕೈಯಲ್ಲಿ ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಅಲ್ಲಿಗೇ ಬರಬೇಕು.

ಹಾಸನದಕ್ಕ ಹೇಳಿದ ಮೂರು ಖಾನೆಯನ್ನು ನಮ್ಮ ಟಿಕೆಟ್ಟಿಗೂ ಸೇರಿಸಿದ್ದೇನೆ. ನಾಲ್ಕನೆಯದು ನನ್ನದು: ಅತಿ ದೊಡ್ಡ ಲನ್ ಐಡಿ ಎಷ್ಟು, ಕಾರ್ಡು ಯಾವುದು.

2:40ಕ್ಕೆ ಡಿಬಿಎ 60 ಡಿಸ್ಕನ್ನೂ ಡಿಸ್ಕ್ ಗ್ರೂಪಿಗೆ ಸೇರಿಸಿದರು. ರೀಬ್ಯಾಲೆನ್ಸ್ (ಡೇಟಾವನ್ನು ಎಲ್ಲ ಡಿಸ್ಕಿಗೂ ಸಮನಾಗಿ ಹಂಚುವುದು) ಇನ್ನೂ ನಡೆಯುತ್ತಿದೆ, ಈಗ 31 ಶೇಕಡಾ. ನಾನು ಇಲ್ಲೇ ಕೂತಿರುತ್ತೇನೆ.